ಕೆಲಸ ಕೊಡುವವರ ಕುರ್ಚಿಯಿಂದ ನೋಡಿದರೆ

2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕಾನೂನುಗಳ ಜಾಗಕ್ಕೆ ಈ ನಾಲ್ಕು ಬಂದಿವೆ. ಉದ್ಯಮಿಗಳು ಸ್ವಾಗತಿಸಿದರು, ಹಲವು ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಇದರಲ್ಲಿರುವ ಒಂದು ಸಣ್ಣ ಮಾತು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಕೆಲಸಕ್ಕೆ ಸೇರಿಸಿಕೊಂಡವನಿಗೆ ಮಾಲಕರು ನೇಮಕಾತಿ ಪತ್ರ ಕೊಡಬೇಕು ಎಂಬುದೇ ಆ ಮಾತು.

ನಮ್ಮ ಎಷ್ಟು ಮನೆಗಳ ಬೀರುವಿನಲ್ಲಿ ಇಂಥ ಒಂದು ಪತ್ರ ಇದೆ? ಪಾಸ್‌ಪೋರ್ಟ್ ಇರುತ್ತದೆ, ಅವಧಿ ಮುಗಿದ ವೀಸಾದ ಜೆರಾಕ್ಸ್ ಇರುತ್ತದೆ, ಚಿನ್ನ ಅಡವಿಟ್ಟ ರಸೀದಿ ಇರುತ್ತದೆ. ನೇಮಕಾತಿ ಪತ್ರ ಮಾತ್ರ ಹುಡುಕಬೇಕು.

ಇದಕ್ಕೆ ಕಾರಣ ನಮ್ಮ ಭಾಗದಲ್ಲಿ ಕೆಲಸ ಸಿಗುವ ರೀತಿ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬ್ಯಾರನ್‌ಗೆ ಆಳು ಬೇಕಾದರೆ ಬಾಯಿಮಾತು ಸಾಕು. ಶುಂಠಿ ಕೀಳಲು, ಕೆ.ಆರ್. ನಗರದ ಗದ್ದೆಯಲ್ಲಿ ನಾಟಿ ಮಾಡಲು ಮೇಸ್ತ್ರಿ ಹೇಳಿದರೆ ಆಯಿತು. ಎಚ್.ಡಿ. ಕೋಟೆ ಕಡೆಯಿಂದ ಕೊಡಗಿನ ಕಾಫಿ ತೋಟಕ್ಕೆ ಹೊರಡುವ ಜೀಪಿನಲ್ಲಿ ಕೂರಲು ಯಾರೂ ಅರ್ಜಿ ಬರೆಯೋದಿಲ್ಲ. ನಮ್ಮವರ ಬೇಕರಿ, ಹೋಟೆಲ್, ಮರದ ವ್ಯಾಪಾರ, ಗುಜರಿ ಅಂಗಡಿಗಳಲ್ಲೂ ಹೀಗೇ. ಮಾವನೋ ಕಾಕನೋ ಒಂದು ಮಾತು ಹೇಳಿದರೆ ಹುಡುಗ ಮಾರನೇ ದಿನ ಕೆಲಸಕ್ಕೆ ಬರುತ್ತಾನೆ. ಇದನ್ನು ಕೆಟ್ಟದ್ದು ಅನ್ನಲಾಗದು, ನಂಬಿಕೆಯ ಮೇಲೆ ನಡೆದ ವ್ಯವಸ್ಥೆ ಅದು. ಆದರೆ ಈ ಬಾಯಿಮಾತು ಊರಿನ ಗಡಿ ದಾಟೋದಿಲ್ಲ. ಹುಡುಗ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಕ್ಕೋ ನಂಜನಗೂಡಿನ ಕಾರ್ಖಾನೆಗೋ ಹೋದರೆ ಅಲ್ಲಿ ಮಾವನ ಹೆಸರು ಯಾರಿಗೂ ಗೊತ್ತಿಲ್ಲ. ಆರು ವರ್ಷ ಬೇಕರಿಯಲ್ಲಿ ಒಲೆ ಮುಂದೆ ನಿಂತವನೂ ಅಲ್ಲಿ ಅನುಭವ ಇಲ್ಲದ ಹೊಸಬನೇ.

ಕೆಲಸ ಹುಡುಕುವವರ ಕಷ್ಟ ನಾವು ದಿನಾ ಕೇಳ್ತೇವೆ. ಈ ಸಲ ಕೆಲಸ ಕೊಡುವವರ ಮಾತನ್ನೂ ಕೇಳೋಣ ಎನಿಸಿತು. ಕಾರ್ಖಾನೆಗಳಿಗೆ ಆಳು ಒದಗಿಸುವವರು, ಅಂಗಡಿಗಳಿಗೆ ಹುಡುಗರನ್ನು ಆರಿಸುವವರು, ಗಲ್ಫ್‌ನಲ್ಲಿ ಮೇಲ್ವಿಚಾರಕರಾಗಿದ್ದು ಊರಿಗೆ ಮರಳಿದವರು, ಹೀಗೆ ನಮಗೆ ಪರಿಚಯದ ಕೆಲವರನ್ನು ಮಾತನಾಡಿಸಿದೆವು. ಬೇರೆ ಬೇರೆ ಜಾಗದಲ್ಲಿ ಕೂತವರಾದರೂ ಅವರು ಹೇಳಿದ್ದು ಹೆಚ್ಚುಕಡಿಮೆ ಒಂದೇ.

ಮೊದಲನೆಯದು, ನಿನಗೆ ಏನು ಬರುತ್ತದೆ ಎಂದು ಕೇಳಿದರೆ ನಮ್ಮ ಹುಡುಗರು ಯಾವ ಕೆಲಸ ಆದ್ರೂ ಸರಿ ಸಾರ್ ಅನ್ನುತ್ತಾರಂತೆ. ನಮಗೆ ಅದು ವಿನಯ. ಕುರ್ಚಿಯಲ್ಲಿ ಕೂತವರಿಗೆ ಅದು ಯಾವ ಕೆಲಸವೂ ಸರಿಯಾಗಿ ಬರೋದಿಲ್ಲ ಎಂಬಂತೆ ಕೇಳಿಸುತ್ತದೆ. ಗ್ಯಾಸ್ ವೆಲ್ಡಿಂಗ್ ಬರುತ್ತದೆ, ಬಿಲ್ಲಿಂಗ್ ಮಾಡಿದ್ದೇನೆ, ಎರಡು ವರ್ಷ ಸ್ಟಾಕ್ ನೋಡಿಕೊಂಡಿದ್ದೇನೆ ಎಂದು ಒಂದು ವಾಕ್ಯ ಹೇಳಿದರೂ ಅವನನ್ನು ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ತಿಳಿಯುತ್ತದೆ.

ಎರಡನೆಯದು, ದಾಖಲೆಗಳಲ್ಲಿ ಹೆಸರು ಹೊಂದಾಣಿಕೆ ಆಗದಿರುವುದು. ಮುಹಮ್ಮದ್ ಎಂಬ ಒಂದೇ ಹೆಸರನ್ನು ಆಧಾರ್‌ನಲ್ಲಿ ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ರೀತಿ ಇಂಗ್ಲಿಷ್‌ನಲ್ಲಿ ಬರೆಸಿರುತ್ತೇವೆ. ಒಂದರಲ್ಲಿ ತಂದೆಯ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಪಿಎಫ್ ಖಾತೆ ತೆರೆಯುವಾಗ, ಬ್ಯಾಂಕ್ ಜೋಡಿಸುವಾಗ ಇದೇ ತೊಡಕು. ಹತ್ತು ಜನರನ್ನು ತುರ್ತಾಗಿ ಸೇರಿಸಬೇಕಾದವರು ತೊಡಕಿನ ಕಾಗದವನ್ನು ಬದಿಗಿಟ್ಟು ಮುಂದಿನವನನ್ನು ಕರೆಯುತ್ತಾರೆ. ಅವರಿಗೆ ದ್ವೇಷವೇನೂ ಇರಬೇಕಿಲ್ಲ, ಸಮಯ ಇಲ್ಲ ಅಷ್ಟೇ.

ದ್ವೇಷವೇ ಇಲ್ಲ ಎಂದೂ ನಾವು ಹೇಳುತ್ತಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಸ್ಲಿಮ್ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಬಹಳ ಕಡಿಮೆ ಎಂಬುದು ಕಂಡುಬಂತು. ಸಂಬಳದ ಖಾಯಂ ಕೆಲಸಗಳಲ್ಲಿ ಮುಸ್ಲಿಮರು ಕಡಿಮೆ, ಸ್ವಂತ ಸಣ್ಣ ದುಡಿಮೆಯಲ್ಲೇ ಹೆಚ್ಚು ಎಂದು 2006ರ ಸಾಚಾರ್ ಸಮಿತಿ ವರದಿಯೂ ಹೇಳಿತ್ತು. ಈ ಅನ್ಯಾಯದ ವಿರುದ್ಧ ಮಾತಾಡಲೇಬೇಕು. ಆದರೆ ಹೆಸರು ನೋಡಿ ತಳ್ಳುವವರಿಗೆ ಕಾಗದದ ನೆಪವನ್ನೂ ನಾವೇ ಕೈಗೆ ಕೊಡಬಾರದು.

ಮೂರನೆಯದು, ನಿಲ್ಲುವ ಗುಣ. ಮೂರು ತಿಂಗಳಿಗೆ ಬಿಟ್ಟು ಹೋಗುವವನಿಗೆ ಕೆಲಸ ಕಲಿಸಿ ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ. ಹುಡುಗರ ಕಡೆಯಿಂದ ನೋಡಿದರೆ, ಇನ್ನೊಂದು ಕಡೆ ಸಾವಿರ ರೂಪಾಯಿ ಜಾಸ್ತಿ ಸಿಕ್ಕರೆ ಯಾಕೆ ಹೋಗಬಾರದು? ಈ ಲೆಕ್ಕವನ್ನು ಒಮ್ಮೆ ಕೂತು ಮಾಡೋಣ.

ಒಂದು ಕಡೆ 14,000 ರೂಪಾಯಿ ಸಂಬಳ, ಪಿಎಫ್ ಮತ್ತು ಇಎಸ್‌ಐ ಇದೆ. ಇನ್ನೊಂದು ಕಡೆ 15,000 ರೂಪಾಯಿ ನಗದು, ಬೇರೇನೂ ಇಲ್ಲ. ಮೊದಲ ಕಡೆ ಪೂರ್ತಿ ಸಂಬಳದ ಮೇಲೆ ಶೇ. 12ರ ಪಿಎಫ್ ಅಂದರೆ 1,680 ರೂಪಾಯಿ, ಶೇ. 0.75ರ ಇಎಸ್‌ಐ ಅಂದರೆ 105 ರೂಪಾಯಿ ಕಳೆದು ಕೈಗೆ ಬರುವುದು 12,215. ಹುಡುಗನಿಗೆ ಕಾಣುವುದು 12 ಸಾವಿರ ಮತ್ತು 15 ಸಾವಿರದ ವ್ಯತ್ಯಾಸ ಮಾತ್ರ. ಆದರೆ ಮಾಲಕರು ತಮ್ಮ ಪಾಲಿನ ಪಿಎಫ್ 1,680, ಇಎಸ್‌ಐ ಶೇ. 3.25ರಂತೆ 455 ಸೇರಿಸಿ ಕಟ್ಟುತ್ತಾರೆ. ಒಟ್ಟು ಲೆಕ್ಕ 16,135 ರೂಪಾಯಿ ಆಗುತ್ತದೆ. ಕಡಿತವಾದ ಪಿಎಫ್ ಎಲ್ಲೂ ಹೋಗಿಲ್ಲ, ಅವನದೇ ಉಳಿತಾಯ. ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದಾಗ ಇಎಸ್‌ಐ ಚೀಟಿಯ ಬೆಲೆ ತಿಳಿಯುತ್ತದೆ.

ಇನ್ನೂ ಒಂದಿದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಮೊದಲ ಬಾರಿಗೆ ಪಿಎಫ್ ಇರುವ ಕೆಲಸಕ್ಕೆ ಸೇರುವವರಿಗೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಡಿ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ಸಿಗುತ್ತದೆ. ಮೊದಲ ಕಂತು ಆರು ತಿಂಗಳು ಕೆಲಸ ಮಾಡಿದ ಮೇಲೆ, ಎರಡನೆಯದು 12 ತಿಂಗಳ ನಂತರ. ಐದನೇ ತಿಂಗಳಿಗೆ ಬಿಟ್ಟವನ ಕೈಗೆ ಏನೂ ಬರೋದಿಲ್ಲ. ಹೊಸ ಸಂಹಿತೆಯ ಪ್ರಕಾರ ನಿಗದಿತ ಅವಧಿಯ ಒಪ್ಪಂದದ ಕೆಲಸಗಾರನಿಗೂ ಒಂದು ವರ್ಷ ತುಂಬಿದರೆ ಗ್ರ್ಯಾಚುಟಿಯ ಹಕ್ಕಿದೆ. ಕೆಲಸ ಬದಲಿಸಲೇಬಾರದು ಅಂತ ನಮ್ಮ ವಾದವಲ್ಲ. ಬದಲಿಸುವಾಗ ಪಿಎಫ್‌ನ ಯುಎಎನ್ ಸಂಖ್ಯೆ ಜೊತೆಗೆ ಬರಬೇಕು, ಅನುಭವದ ಪತ್ರ ಕೈಯಲ್ಲಿರಬೇಕು. ಜಗಳವಾಡಿ ಬಿಟ್ಟವನಿಗೆ ಎರಡೂ ಕಷ್ಟ.

ಇನ್ನು ಗಲ್ಫ್ ವಿಚಾರ. ಬ್ಯಾರಿ ಮನೆಗಳಿಗೆ ಗಲ್ಫ್ ಹೊಸತಲ್ಲ, ಎಷ್ಟೋ ಮನೆ ಕಟ್ಟಿದ್ದು, ಹೆಣ್ಣುಮಕ್ಕಳ ನಿಕಾಹ್ ನಡೆದದ್ದು ಆ ದುಡಿಮೆಯಿಂದಲೇ. ಆದರೆ ಅಲ್ಲಿನ ಕುರ್ಚಿಯೂ ಬದಲಾಗಿದೆ. ಸೌದಿ ಅರೇಬಿಯ 2011ರಲ್ಲಿ ನಿತಾಖಾತ್ ತಂದಿತು. 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸವನ್ನು ಪೂರ್ತಿ ಸ್ವದೇಶಿಯರಿಗೆ ಮೀಸಲಿಟ್ಟಿತು. 2017ರ ಜುಲೈಯಿಂದ ಕುಟುಂಬದ ಪ್ರತಿ ಸದಸ್ಯನ ಮೇಲೆ ತಿಂಗಳ ಶುಲ್ಕ ಹಾಕಿತು. ಯುಎಇ ಕೂಡ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪೆನಿಗಳಲ್ಲಿ ಕುಶಲ ಹುದ್ದೆಗಳಿಗೆ ಪ್ರತಿವರ್ಷ ಸ್ವದೇಶಿಯರನ್ನು ಹೆಚ್ಚಿಸಬೇಕೆಂದು 2022ರಿಂದ ಹೇಳುತ್ತಿದೆ. ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್‌ನಂಥ ಕೆಲಸಗಳಿಗೆ ಸೌದಿಗೆ ಹೋಗುವವನು ಇಲ್ಲೇ ಪರೀಕ್ಷೆ ಕೊಟ್ಟು ಪಾಸಾಗಬೇಕು. ಅಂಗಡಿಯಲ್ಲಿ ನಿಲ್ಲಲು ಯಾರಾದರೂ ಆಗುತ್ತದೆ ಎಂಬ ಕಾಲ ಮುಗಿಯಿತು, ಕೈಯಲ್ಲಿ ಕಸುಬು ಇದ್ದವನಿಗೆ ಬಾಗಿಲು ಇನ್ನೂ ತೆರೆದಿದೆ.

ಹೀಗಿದ್ದೂ ನಮ್ಮ ಮನೆಗಳು ಕಸುಬಿಗೆ ಹಣ ಹಾಕದೆ ವೀಸಾಕ್ಕೆ ಹಣ ಹಾಕುತ್ತವೆ. ಕಾನೂನು ಏನು ಹೇಳುತ್ತದೆ ಕೇಳಿ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟ್ ಮಾತ್ರ ವಿದೇಶಿ ಕೆಲಸಕ್ಕೆ ಜನರನ್ನು ಸೇರಿಸಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಸಬ್ ಏಜೆಂಟ್ ಎಂಬುವನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಇತ್ತ ಸೌದಿಯ ಕಾರ್ಮಿಕ ಕಾನೂನು ಇಖಾಮ, ವರ್ಕ್ ಪರ್ಮಿಟ್‌ಗಳ ಖರ್ಚು ಮಾಲಕನದೇ ಎನ್ನುತ್ತದೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇ ಕಾನೂನು ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಎನ್ನುತ್ತದೆ. ಹಾಗಾದರೆ ಹುಡುಗನ ತಾಯಿ ಬಳೆ ಮಾರಿ ಕೊಟ್ಟ ಹಣ ಯಾರ ಜೇಬಿಗೆ ಹೋಯಿತು?

ಲೆಕ್ಕಕ್ಕೆ ಹೇಳೋದಾದರೆ, ಎರಡು ಲಕ್ಷ ಸಾಲ ಮಾಡಿ ಹೋದವನು ತಿಂಗಳಿಗೆ 15,000 ರೂಪಾಯಿ ಊರಿಗೆ ಕಳಿಸಿದರೆ ಅಸಲು ತೀರಲು 13 ತಿಂಗಳು ದಾಟುತ್ತದೆ. ಎರಡು ವರ್ಷದ ಒಪ್ಪಂದದಲ್ಲಿ ಅರ್ಧಕ್ಕಿಂತ ಹೆಚ್ಚು ಏಜೆಂಟನಿಗಾಗಿ ದುಡಿದಂತೆ. ಫ್ರೀ ವೀಸಾ ಎಂದು ನಮ್ಮಲ್ಲಿ ಕರೆಯುವುದು ಫ್ರೀಯೂ ಅಲ್ಲ, ಕಾನೂನುಬದ್ಧವೂ ಅಲ್ಲ. ಪ್ರಾಯೋಜಕನಲ್ಲದವನ ಬಳಿ ದುಡಿದರೆ ಸಿಕ್ಕಿಬೀಳುವವನು ಹುಡುಗನೇ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ನೋಡಿಕೊಳ್ಳೋಣ ಎಂಬುದೂ ಇದೇ ಹಾದಿ. ಎಸೆಸೆಲ್ಸಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ ಇರುವವರಿಗೆ ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಆ ದಾರಿಯಲ್ಲಿ ಹೋದವನಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ, ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ. ಕಳ್ಳದಾರಿಯಲ್ಲಿ ಹೋದವನಿಗೆ ಇದು ಇಲ್ಲ. 2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಹತ್ತಾರು ಭಾರತೀಯರು ಸತ್ತದ್ದನ್ನು ನಾವು ಮರೆಯಬಾರದು.

ಕುರ್‌ಆನ್‌ನಲ್ಲಿ ಬರುವ ಮೂಸಾ ನಬಿಯವರ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ನಾವು ಕಲಿಸುತ್ತೇವೆ. ಮದ್‌ಯನ್‌ನಲ್ಲಿ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸಲಹೆ ಕೊಟ್ಟವಳು ಒಬ್ಬ ಮಗಳು. ಅವಳು ನೋಡಿದ್ದು ಎರಡೇ ಗುಣ, ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಆಮೇಲೆ ತಂದೆ ಅವಧಿಯನ್ನು ಬಿಡಿಸಿ ಹೇಳಿದರು: ಎಂಟು ವರ್ಷ, ಹತ್ತು ಪೂರ್ತಿ ಮಾಡಿದರೆ ಅದು ಮೂಸಾರ ಇಷ್ಟ. ಕೆಲಸ, ಅವಧಿ, ಪ್ರತಿಫಲ ಎಲ್ಲವೂ ಮೊದಲೇ ತೀರ್ಮಾನ. ಯೂಸುಫ್ ನಬಿ ಈಜಿಪ್ಟ್‌ನಲ್ಲಿ ಉಗ್ರಾಣದ ಹೊಣೆ ಕೇಳಿದಾಗ ತಾವು ಕಾಪಾಡಬಲ್ಲವರು, ಬಲ್ಲವರು ಎಂದು ತಮ್ಮ ಅರ್ಹತೆಯನ್ನೇ ಮುಂದಿಟ್ಟರು. ಯಾವ ಕೆಲಸ ಆದ್ರೂ ಸರಿ ಎನ್ನಲಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ದೀನ್ ಕಲಿಸುತ್ತದೆ, ದುಡಿಮೆಯ ವ್ಯವಹಾರಕ್ಕೆ ಮಾತ್ರ ಕಾಗದ ಬೇಡ ಎನ್ನಲು ನಮಗೆ ಯಾವ ಆಧಾರ?

ಹೆಣ್ಣುಮಕ್ಕಳ ಮಾತೂ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ ಪ್ರಯಾಣ ಉಚಿತ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗೆ ರೈಲು ಇಲ್ಲ, ಬಸ್ಸೇ ಗತಿ. ಮೈಸೂರಿಗೆ ಹೋಗಿಬರುವ ಖರ್ಚು ಇಲ್ಲದಿರುವುದು ಓದಿದ ಹುಡುಗಿಯರಿಗೆ ದೊಡ್ಡ ಅನುಕೂಲ. ಅವರು ರಜೆ ಕಡಿಮೆ ಹಾಕುತ್ತಾರೆ, ಲೆಕ್ಕ ಸರಿ ಇಡುತ್ತಾರೆ ಎಂದು ಕೆಲಸ ಕೊಡುವವರೇ ಹೇಳುತ್ತಾರೆ. ಮರ್ಯಾದೆಯ ಜಾಗ, ಸರಿಯಾದ ಹೊತ್ತು, ಬರೆದ ಪತ್ರ ಇದ್ದರೆ ಮನೆಯವರು ಯೋಚಿಸಬೇಕಾದ ವಿಷಯ ಇದು.

ಕೊನೆಗೆ ನಮ್ಮದೇ ಕುರ್ಚಿಯ ಮಾತು. ನಮ್ಮ ಸಮುದಾಯದ ಬೇಕರಿ, ಹೋಟೆಲ್, ಅಂಗಡಿಗಳ ಮಾಲಕರೂ ಕೆಲಸ ಕೊಡುವವರೇ. ಹುಡುಗ ಬಿಟ್ಟು ಹೋಗುವಾಗ ಇಷ್ಟು ವರ್ಷ ಈ ಕೆಲಸ ಮಾಡಿದ್ದಾನೆ ಎಂದು ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಡಲು ಖರ್ಚೇನೂ ಇಲ್ಲ. ಸಂಬಳವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದೇ ಒಂದು ದಾಖಲೆ. ಮಸೀದಿ, ಮದ್ರಸ ಕಮಿಟಿಗಳೂ ಇದರಿಂದ ಹೊರಗಿಲ್ಲ. ಉಸ್ತಾದರು, ಮುಅದ್ದಿನ್‌ಗಳನ್ನು ಬಾಯಿಮಾತಿನ ಮೇಲೆ ಇಟ್ಟುಕೊಂಡು ಬಾಯಿಮಾತಿನ ಮೇಲೆಯೇ ಕಳಿಸುವುದು ಎಲ್ಲ ಕಡೆ ಇದೆ. ಊರಿಗೆ ನ್ಯಾಯ ಹೇಳುವ ಜಾಗದಲ್ಲಿ ಮೊದಲ ನೇಮಕಾತಿ ಪತ್ರ ಬರೆಯುವುದು ಚೆಂದ.

ಜಮಾಅತ್‌ಗಳು ಮಾಡಬಹುದಾದ ಮೂರು ಕೆಲಸಗಳಿವೆ. ಒಂದು, ಒಂಬತ್ತನೇ ತರಗತಿಯ ಮಕ್ಕಳ ಹೆಸರು ಆಧಾರ್‌ನಲ್ಲೂ ಶಾಲೆಯಲ್ಲೂ ಒಂದೇ ರೀತಿ ಇದೆಯೇ ಎಂದು ನೋಡುವುದು. ಎಸೆಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ದೊಡ್ಡ ಓಡಾಟ. ಎರಡು, ವೀಸಾಕ್ಕೆ ಹಣ ಕೊಡುವ ಮೊದಲು ಏಜೆಂಟ್ ಹೆಸರು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ ಎಂದು ನೋಡಿಕೊಡಲು ಮೊಬೈಲ್ ಬಲ್ಲ ಇಬ್ಬರು ಯುವಕರನ್ನು ನೇಮಿಸುವುದು. ಮೂರು, ಮೈಸೂರಿನಲ್ಲಿ ಈಗಾಗಲೇ ಕೆಲಸದಲ್ಲಿರುವ ನಮ್ಮವರ ಪಟ್ಟಿ ಮಾಡಿ, ತಿಂಗಳಿಗೊಮ್ಮೆ ಜುಮಾ ನಂತರ ಕೆಲಸ ಹುಡುಕುವ ಮಕ್ಕಳ ಜೊತೆ ಕೂರಿಸುವುದು. ಇದಕ್ಕೆ ಕಟ್ಟಡ ಬೇಡ, ವಂತಿಗೆಯೂ ಬೇಡ. ತಂಬಾಕು ಹರಾಜು ಮುಗಿದು ಮನೆಗಳಲ್ಲಿ ಸ್ವಲ್ಪ ಹಣ ಓಡಾಡುವ ಹೊತ್ತಿಗೇ ವೀಸಾದ ಮಾತು ಹೊತ್ತ ಏಜೆಂಟರೂ ಊರಿಗೆ ಬರುತ್ತಾರೆ. ಅವರು ಬರುವ ಮೊದಲು ನಾವು ಈ ಕೆಲಸ ಶುರು ಮಾಡಿರಬೇಕು. ಅಲ್ಲಾಹು ತೌಫೀಕ್ ನೀಡಲಿ.