ಬಿದ್ದು ಏಳುವಾಗ ಬಟನ್ ಒತ್ತಬೇಡಿ



ಕಳೆದ ಸಂಚಿಕೆಯಲ್ಲಿ ಹೇರಳೆಕಾಯಿ ಉಪ್ಪಿನಕಾಯಿಯ ವಿಷಯ ಬರೆದಿದ್ದೆ. ಈ ಸಲ ಒಂದು ಗುಟ್ಟು ಹೇಳುತ್ತೇನೆ, ನಗಬಾರದು. ಪ್ರತಿ ಭಾನುವಾರ ರಾತ್ರಿ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಟಿ.ವಿ. ಮುಂದೆ ಕೂತು ನಾನು ಹೊಡೆದಾಟಕ್ಕೆ ಇಳಿಯುತ್ತೇನೆ. ಯಾರ ಜೊತೆ ಅಂತೀರಾ? ಪುಣೆಯಲ್ಲಿರುವ ನನ್ನ ಮಗನ ಜೊತೆ!

ಗಾಬರಿಯಾಗಬೇಡಿ, ಇದು ವಿಡಿಯೋ ಗೇಮ್. ನಡೆದದ್ದು ಹೀಗೆ. ಮಗ ಕೆಲಸಕ್ಕೆಂದು ಪುಣೆಗೆ ಹೋದ ಮೇಲೆ ನಮ್ಮ ಫೋನ್ ಮಾತು ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಬಂತು. "ಊಟ ಆಯ್ತೇನೋ?" "ಆಯ್ತು." "ಏನು ತಿಂದೆ?" "ಏನೋ ಒಂದು." "ಸರಿ, ಇಡ್ಲಾ?" "ಇಡು." ಇಷ್ಟೇ. ಹೆತ್ತ ಕರುಳಿಗೆ ಇಷ್ಟು ಸಾಕೇ? ನೀವೇ ಹೇಳಿ. ನನ್ನ ಸಂಕಟ ನೋಡಲಾರದೆ ಮಗಳು, "ಅಮ್ಮಾ, ಅಣ್ಣ ಗೇಮ್ ಆಡುವಾಗ ಮಾತ್ರ ಗಂಟೆಗಟ್ಟಲೆ ಮಾತಾಡ್ತಾನೆ. ನೀನೂ ಆಡು" ಅಂದಳು. ಅವನು ಬಿಟ್ಟುಹೋಗಿದ್ದ ಹಳೇ ಪ್ಲೇಸ್ಟೇಷನ್ ಬೀರುವಿನ ಮೇಲೆ ನನ್ನ ಹಳೇ ಸೀರೆಯ ಹೊದಿಕೆಯಲ್ಲಿ ಮಲಗಿತ್ತು. ಇಳಿಸಿ ಧೂಳು ಹೊಡೆದೆವು. ನಮ್ಮ ಯಜಮಾನರು ಪೇಪರ್ ಮೇಲಿಂದ ಕಣ್ಣೆತ್ತಿ, "ಈ ವಯಸ್ಸಿಗೆ ಇದೊಂದು ಬೇಕಿತ್ತೇನೇ?" ಅಂದರು. ಅನ್ನಲಿ ಬಿಡಿ.

ಆಟದ ಹೆಸರು ಸ್ಟ್ರೀಟ್ ಫೈಟರ್. ಜಪಾನಿನ ಕ್ಯಾಪ್ಕಾಮ್ ಕಂಪನಿಯವರು 1987ರಲ್ಲಿ ಮೊದಲು ಮಾಡಿದರು. 1991ರಲ್ಲಿ ಬಂದ ಎರಡನೆಯದು ಲೋಕಪ್ರಸಿದ್ಧವಾಯಿತು. ನಾವು ಆಡುವುದು 2023ರ ಜೂನ್ 2ರಂದು ಬಂದ ಆರನೆಯದು. ತೆರೆಯ ಮೇಲೆ ಇಬ್ಬರು ಎದುರುಬದುರು ನಿಲ್ಲುತ್ತಾರೆ. ಇಬ್ಬರ ತಲೆಯ ಮೇಲೂ ಪ್ರಾಣದ ಪಟ್ಟಿ. ಯಾರ ಪಟ್ಟಿ ಮೊದಲು ಖಾಲಿಯಾಯಿತೋ ಅವರು ಸೋತಂತೆ. ಮೂರರಲ್ಲಿ ಎರಡು ಸುತ್ತು ಗೆದ್ದವರಿಗೆ ಜಯ. ಇಂಟರ್ನೆಟ್ ಇದ್ದರೆ ನಾನು ತಿಪಟೂರಿನಲ್ಲಿ, ಅವನು ಪುಣೆಯಲ್ಲಿ ಕೂತು ಆಡಬಹುದು. ಇದಕ್ಕೆ ಪ್ಲೇಸ್ಟೇಷನ್‌ನವರಿಗೆ ಬೇರೆ ಚಂದಾ ಕಟ್ಟಬೇಕು. ಆ ದುಡ್ಡನ್ನು ನಾನು ಚೀಟಿ ಹಣದಲ್ಲಿ ಉಳಿಸಿದ್ದೆ. ಮಾತಿಗೆ ಪಕ್ಕದಲ್ಲೇ ಫೋನನ್ನು ಸ್ಪೀಕರಿಗೆ ಹಾಕಿಡುತ್ತೇವೆ.

ಮೊದಲ ದಿನದ ಫಜೀತಿ ಕೇಳಬೇಡಿ. ಆಟದಲ್ಲಿ ಧಾಲ್ಸಿಮ್ ಅಂತ ನಮ್ಮ ದೇಶದ ಯೋಗಿಯೊಬ್ಬನಿದ್ದಾನೆ. 1991ರ ಆಟದಿಂದಲೂ ಇದ್ದಾನೆ. ಕೈಕಾಲನ್ನು ಮಾರುದ್ದ ಚಾಚಿ ಹೊಡೆಯುತ್ತಾನೆ. ನಮ್ಮವನಲ್ಲವೇ ಅಂತ ಅಭಿಮಾನದಿಂದ ಅವನನ್ನೇ ಆರಿಸಿದೆ. ಚಾಚಿದ ಕೈ ಹಿಂದಕ್ಕೆ ಬರುವಷ್ಟರಲ್ಲಿ ಹತ್ತು ಏಟು ಬಿದ್ದಿರುತ್ತಿತ್ತು. ಆ ರಾತ್ರಿ ಹನ್ನೊಂದು ಆಟ, ಹನ್ನೊಂದರಲ್ಲೂ ಸೋಲು. ಹನ್ನೆರಡನೆಯದರಲ್ಲಿ ಗೆದ್ದೆ. ಕುಣಿಯುವುದೊಂದು ಬಾಕಿ. ಆಮೇಲೆ ಯೋಚಿಸಿದರೆ, ಅವನು ಸುಮ್ಮನೆ ನಿಂತಿದ್ದ! "ಬಿಟ್ಟುಕೊಟ್ಟೆಯೇನೋ?" ಅಂದೆ. ನಕ್ಕ. "ಚಿಕ್ಕಂದಿನಲ್ಲಿ ಚೌಕಾಬಾರದಲ್ಲಿ ನೀನೂ ಬಿಟ್ಕೊಡ್ತಿದ್ದೆಯಲ್ಲಮ್ಮ" ಅಂದ. ನನಗೆ ರೋಷ ಬಂತು. "ಇನ್ನು ಮೇಲೆ ಹಾಗೆ ಮಾಡಬೇಡ, ಕಲಿಸು" ಅಂದೆ. ಅವನು ಕಲಿಸಿದ್ದನ್ನು, ನಾನು ಏಟು ತಿಂದು ಕಲಿತದ್ದನ್ನು ಹೊಸಬರಿಗಾಗಿ ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿದ್ದಾರು.

ಮೊದಲನೆಯದು, ಒಬ್ಬನನ್ನೇ ಹಿಡಿಯಿರಿ. ಆಟ ಬಂದಾಗಲೇ 18 ಜನ ಕಾದಾಳುಗಳಿದ್ದರು, ಆಮೇಲೆ ಇನ್ನೂ ಸೇರಿದ್ದಾರೆ. ದಿನಕ್ಕೊಬ್ಬರನ್ನು ಬದಲಾಯಿಸಿದರೆ ಯಾರೂ ಕೈಗೆ ಹತ್ತುವುದಿಲ್ಲ. ಹೊಸಬರಿಗೆ ರ್ಯೂ ಎಂಬ ಬಿಳಿ ಬಟ್ಟೆಯ ಜಪಾನಿ ಹುಡುಗ ಒಳ್ಳೆಯವನು. ದೂರದಿಂದ ಬೆಂಕಿಯುಂಡೆಯಂಥದ್ದು ಎಸೆಯುತ್ತಾನೆ, ಮೇಲೆ ಜಿಗಿದು ಬಂದವರಿಗೆ ಎಗರಿ ಗುದ್ದುತ್ತಾನೆ, ಒದೆಯುತ್ತಾನೆ. ಎಲ್ಲ ಪಾಠವೂ ಇವನೊಬ್ಬನಲ್ಲೇ ಇದೆ. ಆಡುವ ರೀತಿಯಲ್ಲಿ 'ಮಾಡರ್ನ್' ಅಂತ ಒಂದಿದೆ. ಅದರಲ್ಲಿ ವಿಶೇಷ ಏಟುಗಳು ಒಂದೇ ಬಟನ್ನಿಗೆ ಬರುತ್ತವೆ. ಹಾಗೆ ಹೊಡೆದ ಏಟಿನ ಬಲ ಸ್ವಲ್ಪ ಕಡಿಮೆ, ಆದರೆ ನಮ್ಮಂಥ ಬೆರಳು ತಿರುಗದವರಿಗೆ ಅದೇ ಸರಿ. ಇದರಲ್ಲಿ ನಾಚಿಕೆಯೇನಿಲ್ಲ, ಒರಳು ಬಿಟ್ಟು ಮಿಕ್ಸಿ ಹಿಡಿದಾಗ ನಾಚಿದೆವೇನು?

ಎರಡನೆಯದು, ಎಲ್ಲ ಬಟನ್ನನ್ನೂ ಒಟ್ಟಿಗೆ ಕುಟ್ಟಬೇಡಿ. ನಾನು ಮೊದಮೊದಲು ಚಟ್ನಿ ಕುಟ್ಟಿದಂತೆ ಕುಟ್ಟಿದೆ. ಪ್ರತಿ ಏಟಿಗೂ ಒಂದು ಹೊತ್ತುಂಟು. ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರ ಓಡುತ್ತವೆ, ಒಂದಕ್ಕೆ ಒಂದು ಫ್ರೇಮ್ ಅನ್ನುತ್ತಾರೆ. ರ್ಯೂನ ಸಣ್ಣ ಗುದ್ದು 4 ಫ್ರೇಮಿಗೆ ತಗಲುತ್ತದೆ. 'ಡ್ರೈವ್ ಇಂಪ್ಯಾಕ್ಟ್' ಎಂಬ ದೊಡ್ಡ ಏಟಿಗೆ 26 ಫ್ರೇಮ್ ಬೇಕು. ದೊಡ್ಡ ಏಟು ಗುರಿ ತಪ್ಪಿದರೆ ಕೈ ಚಾಚಿಕೊಂಡು ನಿಂತಿರುತ್ತೀರಿ, ಎದುರಾಳಿ ಬಂದು ಬಾರಿಸುತ್ತಾನೆ. ಕಾವಲಿ ಕಾಯುವ ಮುಂಚೆ ದೋಸೆ ಹುಯ್ದರೆ ಏನಾಗುತ್ತದೋ ಅದೇ ಕಥೆ.

ಮೂರನೆಯದು, ತಡೆಯುವುದನ್ನು ಕಲಿಯಿರಿ. ಎದುರಾಳಿಯಿಂದ ಹಿಂದಕ್ಕೆ ಹೋಗುವ ಕಡೆಗೆ ಒತ್ತಿ ಹಿಡಿದರೆ ಸಾಕು, ಏಟು ಕೈಮೇಲೆ ಬೀಳುತ್ತದೆ. ಕಾಲಿಗೆ ಬರುವ ಏಟನ್ನು ಕೂತು ತಡೆಯಬೇಕು, ಜಿಗಿದು ಬರುವ ಏಟನ್ನು ನಿಂತು ತಡೆಯಬೇಕು. ಬರೀ ತಡೆಯುತ್ತಾ ಕೂತವರನ್ನು ಹಿಡಿದೆತ್ತಿ ಎಸೆಯಬಹುದು. ಹಿಡಿಯಲು ಬಂದವರನ್ನು ಹೊಡೆಯಬಹುದು. ಹೊಡೆಯಲು ಬಂದವರನ್ನು ತಡೆಯಬಹುದು. ಕಲ್ಲು, ಕಾಗದ, ಕತ್ತರಿಯ ಆಟದ ಹಾಗೆ ಒಂದಕ್ಕೊಂದು ಉತ್ತರ.

ನಾಲ್ಕನೆಯದು, ತಲೆಯ ಮೇಲಿನ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿಯಿದೆ, ಆರು ಭಾಗದ್ದು. ಅದನ್ನು ಡ್ರೈವ್ ಅನ್ನುತ್ತಾರೆ. ದೊಡ್ಡ ಏಟುಗಳಿಗೆ ಅದರಿಂದ ಖರ್ಚು. ಏಟು ತಡೆದಾಗಲೂ ಸ್ವಲ್ಪ ಕರಗುತ್ತದೆ. ಸುಮ್ಮನಿದ್ದರೆ ತಾನೇ ತುಂಬಿಕೊಳ್ಳುತ್ತದೆ. ಪೂರ್ತಿ ಖಾಲಿ ಮಾಡಿಕೊಂಡಿರೋ, ಕೆಲವು ಹೊತ್ತು ನಿಮ್ಮ ಗತಿ ದೇವರಿಗೇ ಪ್ರೀತಿ. ತಿಂಗಳ ಕೊನೆಗೆ ಸಕ್ಕರೆ ಡಬ್ಬ ನಿಭಾಯಿಸುವ ನಮಗೆ ಈ ಲೆಕ್ಕ ಗಂಡಸರಿಗಿಂತ ಬೇಗ ಬರುತ್ತದೆ!

ಐದನೆಯದು, ಒಂದು ವಾರಕ್ಕೆ ಒಂದೇ ಪಾಠ. ನಾನು ಒಂದು ವಾರ ಪೂರ್ತಿ ಜಿಗಿದು ಬರುವವರನ್ನು ಹೊಡೆದು ಕೆಡವುವುದನ್ನಷ್ಟೇ ಕಲಿತೆ. ಆಟದಲ್ಲೇ ಅಭ್ಯಾಸದ ಕೋಣೆಯಿದೆ. ಎದುರಾಳಿಯನ್ನು ಬೊಂಬೆಯಂತೆ ನಿಲ್ಲಿಸಿ ಪದೇ ಪದೇ ಜಿಗಿಯುವ ಹಾಗೆ ಇಡಬಹುದು. ಕುಕ್ಕರ್ ಮೂರು ಸೀಟಿ ಕೂಗುವಷ್ಟು ಹೊತ್ತು ದಿನವೂ ಅದನ್ನೇ ಮಾಡಿದೆ. ಆ ವಾರ ಗೆಲುವು-ಸೋಲು ಎಣಿಸಲಿಲ್ಲ, ಎಷ್ಟು ಜಿಗಿತ ತಡೆದೆ ಅಂತ ಮಾತ್ರ ಎಣಿಸಿದೆ. ಹಾಡ್ತಾ ಹಾಡ್ತಾ ರಾಗ ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಆರನೆಯದು, ಸೋತ ಆಟವನ್ನು ಮತ್ತೆ ನೋಡಿ. ಆಡಿದ್ದೆಲ್ಲ ಆಟದಲ್ಲಿ ಉಳಿದಿರುತ್ತದೆ, ಸಿನಿಮಾದಂತೆ ಮತ್ತೆ ಹಾಕಬಹುದು. "ಅವನು ಮೋಸ ಮಾಡಿದ" ಅಂತ ನಮಗೆ ಅನ್ನಿಸಿದ್ದು, ತಿರುಗಿ ನೋಡಿದಾಗ ನಮ್ಮದೇ ತಪ್ಪಾಗಿರುತ್ತದೆ. ಒಂದು ತಪ್ಪನ್ನು ಹಿಡಿಯಿರಿ, ಸಾಕು. ಇನ್ನು ಆದರೆ ವೈಫೈ ಬಿಟ್ಟು ವೈರ್ ಹಾಕಿಸಿ. ಗೋಡೆ ದಾಟಿ ಬರುವ ಸಿಗ್ನಲ್ ತಡವರಿಸಿದರೆ, ನೀವು ಒತ್ತಿದ್ದು ಒಂದು, ತೆರೆಯ ಮೇಲೆ ಆದದ್ದು ಇನ್ನೊಂದು. ಮಕ್ಕಳು ಗುರುತಿಲ್ಲದವರ ಜೊತೆ ಆಡುವುದಾದರೆ ಅವರ ಮಾತು ಕೇಳದಂತೆ ಇಡಬಹುದು. ಸೋತಾಗ ಬಾಯಿಗೆ ಬಂದದ್ದು ಅನ್ನುವವರು ಅಲ್ಲೂ ಇದ್ದಾರೆ.

ವಯಸ್ಸಾಯಿತು ಅನ್ನುವವರಿಗೆ ಒಂದು ಮಾತು. 2023ರ ಸೆಪ್ಟೆಂಬರಿನಲ್ಲಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತಲ್ಲ, ಅಲ್ಲಿ ಈ ಆಟಕ್ಕೂ ಪದಕವಿತ್ತು. ಆಗ ಆಡಿದ್ದು ಐದನೆಯ ಸ್ಟ್ರೀಟ್ ಫೈಟರ್. ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ವಯಸ್ಸೆಷ್ಟು ಗೊತ್ತೇ? 44! ಇದನ್ನು ಓದಿ ಹೇಳಿದ ದಿನ ನಮ್ಮ ಯಜಮಾನರು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದರು.

ಇನ್ನು ಎಲ್ಲಕ್ಕಿಂತ ದೊಡ್ಡ ಪಾಠ. ಏಟು ತಿಂದು ನೆಲಕ್ಕೆ ಬಿದ್ದಿರುತ್ತೀರಿ. ಏಳುತ್ತಿದ್ದಂತೆ ಸಿಟ್ಟಿನಲ್ಲಿ ಬಟನ್ ಒತ್ತುತ್ತೀರಿ. ಎದುರಾಳಿಗೆ ಬೇಕಾದದ್ದೂ ಅದೇ! ನೀವು ಏಳುವ ಹೊತ್ತಿಗೆ ಸರಿಯಾಗಿ ಅವನ ಏಟು ಬಂದಿರುತ್ತದೆ. ಮತ್ತೆ ಬೀಳುತ್ತೀರಿ. ಹೊಸಬರ ಪ್ರಾಣದ ಪಟ್ಟಿ ಅರ್ಧ ಖಾಲಿಯಾಗುವುದು ಹೀಗೆ. "ಏಳುವಾಗ ಒತ್ತಬೇಡಮ್ಮ, ಮೊದಲು ತಡೆ ಹಿಡಿ. ಎತ್ತಿ ಎಸೆದರೆ ಎಸೀಲಿ, ಸಾಯಲ್ಲ. ಅವನು ಏನು ಮಾಡ್ತಾನೆ ನೋಡು, ಆಮೇಲೆ ನಿನ್ನ ಸರದಿ ಬರುತ್ತೆ" ಅಂತ ಮಗ ನೂರು ಸಲ ಹೇಳಿದ್ದ. ನನಗೆ ಇದು ಹತ್ತಲು ಎರಡು ತಿಂಗಳು ಬೇಕಾಯಿತು.

ಹೀಗೇ ಒಂದು ಭಾನುವಾರ ಆಡುತ್ತಿದ್ದೆವು. ಮೊದಲ ಆಟ ನಾನು ಗೆದ್ದೆ. ಎರಡನೆಯದೂ ಗೆದ್ದೆ. ಬಿಟ್ಟುಕೊಡುತ್ತಿದ್ದಾನೆ ಅಂದುಕೊಂಡರೆ, ಅಲ್ಲ. ಬಿದ್ದಾಗಲೆಲ್ಲ ಏಳುತ್ತಲೇ ಒತ್ತುತ್ತಿದ್ದ, ಮತ್ತೆ ಬೀಳುತ್ತಿದ್ದ. ನನಗೆ ಬೇಡವೆಂದದ್ದನ್ನೇ ತಾನು ಮಾಡುತ್ತಿದ್ದ. ಅವನ ಮುಖ ನನಗೆ ಕಾಣುವುದಿಲ್ಲ, ಆದರೆ ಅವನ ಆಟ ಕಾಣುತ್ತಿತ್ತು. ಕಂಟ್ರೋಲರ್ ಕೆಳಗಿಟ್ಟು, "ಏನಾಗಿದೆ ಹೇಳೋ" ಅಂದೆ.

ಸುಮಾರು ಹೊತ್ತು ಮಾತಿಲ್ಲ. ಆಮೇಲೆ, "ಆಫೀಸಲ್ಲಿ ಎಂಟು ಜನರನ್ನ ತೆಗೆದ್ರಮ್ಮ. ನಾನೂ ಒಬ್ಬ" ಅಂದ. ಮೂರು ವಾರವಾಗಿತ್ತಂತೆ! ಮೂರು ವಾರ "ಊಟ ಆಯ್ತು" ಅಂತಲೇ ಹೇಳಿದ್ದಾನೆ. ಮಾರನೆ ದಿನವೇ ಎಲ್ಲೋ ಅರ್ಧ ಸಂಬಳಕ್ಕೆ, ಎರಡು ವರ್ಷ ಬಿಡುವುದಿಲ್ಲವೆಂದು ಬಾಂಡ್ ಬರೆದುಕೊಟ್ಟು ಸೇರುವುದೆಂದು ತೀರ್ಮಾನಿಸಿದ್ದ. ಅಪ್ಪನಿಗೆ ಮುಖ ತೋರಿಸುವುದು ಹೇಗೆ ಅನ್ನುವ ಒಂದೇ ಭಯಕ್ಕೆ.

ನಾನು ಓದಿರುವುದು ಎಸ್.ಎಸ್.ಎಲ್.ಸಿ. ಕಂಪ್ಯೂಟರ್ ಕಂಪನಿಯ ವ್ಯವಹಾರ ನನಗೇನು ಗೊತ್ತು? ಬಾಯಿಗೆ ಬಂದದ್ದು ಇಷ್ಟೇ: "ಏಳುವಾಗ ಬಟನ್ ಒತ್ತಬೇಡ ಅಂದವನು ನೀನೇ ಅಲ್ಲವೇನೋ? ಮೊದಲು ತಡೆ ಹಿಡಿ. ಎರಡು ತಿಂಗಳ ಬಾಡಿಗೆ ನಾವು ನೋಡ್ಕೋತೀವಿ." ಆ ಕಡೆಯಿಂದ ಮೂಗು ಏರಿಸಿದ ಸದ್ದು ಕೇಳಿಸಿತು. ಅಳುತ್ತಿದ್ದನೋ ನಗುತ್ತಿದ್ದನೋ, ನಾನು ಕೇಳಲಿಲ್ಲ.

ಯಜಮಾನರಿಗೆ ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ. ಬೆಳಗ್ಗೆ ಎದ್ದು ಪೋಸ್ಟಾಫೀಸಿಗೆ ಹೋಗಿ ಆರ್.ಡಿ. ಪುಸ್ತಕ ನೋಡಿಸಿಕೊಂಡು ಬಂದರು. ಸಂಜೆ ತಾವೇ ಫೋನ್ ಮಾಡಿ, "ಒಂದು ವಾರ ಬಂದು ಹೋಗೋ" ಅಂದರು. ಬಂದ. ಅವನು ಬಾಂಡ್ ಬರೆದುಕೊಡಲಿಲ್ಲ. ಇನ್ನೂ ಕೆಲಸ ಸಿಕ್ಕಿಲ್ಲ. ಎರಡು ಕಡೆ ಸಂದರ್ಶನ ಆಗಿದೆ, ಒಂದು ಕಡೆ ಮತ್ತೆ ಕರೆದಿದ್ದಾರೆ. ನೋಡೋಣ. ತಾಳಿದವನು ಬಾಳಿಯಾನು. ಇದನ್ನು ಬರೆಯಲೇ ಅಂತ ಅವನನ್ನು ಕೇಳಿದೆ. "ಬರಿ, ಹೆಸರು ಮಾತ್ರ ಹಾಕ್ಬೇಡ. ಎರಡು ಆಟ ಸೋತಿದ್ದೂ ಬರೀಬೇಡ" ಅಂದ. ಒಂದು ಮಾತು ನಡೆಸಿಕೊಟ್ಟಿದ್ದೇನೆ, ಇನ್ನೊಂದನ್ನು ಇಲ್ಲ.

ಮಕ್ಕಳು ಆಟದ ಮುಂದೆ ಕೂತರೆ ಬೈಯುವ ತಾಯಂದಿರಲ್ಲಿ ನಾನೂ ಒಬ್ಬಳು. ಓದುವ ಹೊತ್ತಿನಲ್ಲಿ ಕೂತರೆ ಈಗಲೂ ಮಗಳನ್ನು ಬೈಯುತ್ತೇನೆ. ಆದರೆ ವಾರಕ್ಕೊಮ್ಮೆ ಪಕ್ಕದಲ್ಲಿ ಕೂತು, "ನನಗೂ ಹೇಳಿಕೊಡು" ಅಂದು ನೋಡಿ. ಸೋಲುತ್ತೀರಿ, ಖಂಡಿತ ಸೋಲುತ್ತೀರಿ. ಕೈಗೆ ಕೆಲಸವಿದ್ದಾಗ ಮಕ್ಕಳ ಬಾಯಿ ಬಿಚ್ಚುತ್ತದೆ. ಅವರೆಕಾಳು ಹಿಸುಕುತ್ತಾ ನಾವು ನಮ್ಮ ಅಮ್ಮಂದಿರ ಜೊತೆ ಎಷ್ಟು ಮಾತಾಡಿಲ್ಲ?

ಇಂದು ಭಾನುವಾರ. ಸಾರಿಗೆ ಒಗ್ಗರಣೆ ಹಾಕಿ, ಬೇಗ ಊಟ ಮುಗಿಸಬೇಕು. ಈ ವಾರದ ನನ್ನ ಪಾಠ, ಎತ್ತಿ ಎಸೆಯಲು ಬಂದವರಿಂದ ಬಿಡಿಸಿಕೊಳ್ಳುವುದು. ಮುಂದಿನ ಸಂಚಿಕೆಯಲ್ಲಿ ಅವರೆಕಾಳಿನ ಹಿಟ್ಟಿನ ಸಾರಿನ ವಿಧಾನ ಬರೆಯುತ್ತೇನೆ. ಅಲ್ಲಿಯವರೆಗೆ ನಮಸ್ಕಾರ.