ವಿಚಾರಗಳ ನಕ್ಷೆ

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬುದು ಕನ್ನಡದ ಹಳೆಯ ಗಾದೆ. ಒಬ್ಬನಿಗೆ ಹೊರೆಯಾಗುವುದು ಹತ್ತು ಜನ ಸೇರಿದಾಗ ಕಡ್ಡಿಯಷ್ಟು ಹಗುರವಾಗುತ್ತದೆ. ಆದರೆ ಮೈಕೆಲಸಕ್ಕೆ ಸಲ್ಲುವ ಈ ಮಾತು ಆಲೋಚನೆಗೆ ಅಷ್ಟು ಸುಲಭವಾಗಿ ಸಲ್ಲುವುದಿಲ್ಲ. ಹತ್ತು ಜನರು ಕೂಡಿ ಹಗ್ಗವನ್ನೆಳೆದರೆ ಅವರ ಬಲವೆಲ್ಲ ಒಂದೇ ಕಡೆಗೆ ಸೇರುತ್ತದೆ; ಅದೇ ಹತ್ತು ಜನರು ಆಲೋಚಿಸಲು ಕುಳಿತರೆ ಹತ್ತು ವಿಚಾರಗಳು ಹತ್ತು ದಿಕ್ಕಿಗೆ ಚದುರುತ್ತವೆ. ಗಟ್ಟಿ ದನಿಯವನ ಮಾತು ನಿಲ್ಲುತ್ತದೆ, ಸಂಕೋಚದವನ ಮಾತು ಗಾಳಿಗೆ ಹೋಗುತ್ತದೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ನುಡಿ ಬೇರೆಡೆ ನಿಜವಿರಬಹುದು. ಸಭೆಯಲ್ಲಿ ಮಾತ್ರ ಒಬ್ಬನ ಮೌನವು ಎಲ್ಲರಿಗೂ ನಷ್ಟ. ಈ ನಷ್ಟವನ್ನು ತಡೆಯುವ ಸರಳ ಸಾಧನಗಳಲ್ಲಿ ಪರಿಕಲ್ಪನಾ ನಕ್ಷೆಯೂ ಒಂದು.

ಈ ನಕ್ಷೆಯು ಹುಟ್ಟಿದ್ದು ಶಾಲಾಮಕ್ಕಳ ಕಲಿಕೆಯನ್ನು ಕುರಿತ ಅಧ್ಯಯನದಲ್ಲಿ. ವಿಜ್ಞಾನದ ತಿಳಿವಳಿಕೆಯು ಮಕ್ಕಳಲ್ಲಿ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯುತ್ತದೆ ಎಂಬುದನ್ನು ಅರಿಯಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಎಂಬ ವಿದ್ವಾಂಸರು ಅವರನ್ನು ಪ್ರಶ್ನಿಸಿ ಉತ್ತರಗಳನ್ನು ಬರೆಸಿಡುತ್ತಿದ್ದರು. ಆದರೆ ಮಾತುಗಳ ಆ ರಾಶಿಯಲ್ಲಿ ತಿಳಿವಳಿಕೆಯ ಬೆಳವಣಿಗೆಯನ್ನು ಗುರುತಿಸುವುದು ಕಷ್ಟವಾಯಿತು. ಹೊಸ ವಿಷಯವು ಮೊದಲೇ ತಿಳಿದ ವಿಷಯಗಳೊಡನೆ ಹೆಣೆದುಕೊಂಡಾಗ ಮಾತ್ರ ಕಲಿಕೆಯು ಅರ್ಥಪೂರ್ಣವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ ಪ್ರತಿಪಾದಿಸಿದ್ದರು. ಆ ತತ್ತ್ವವನ್ನು ಆಧರಿಸಿ ನೊವಾಕ್ ಮತ್ತು ಅವರ ಸಂಗಡಿಗರು 1972ರಲ್ಲಿ ಈ ನಕ್ಷೆಯನ್ನು ರೂಪಿಸಿದರು.

ಇದರ ರಚನೆ ಸರಳವಾದುದು. ಮೊದಲು ಒಂದು ಸ್ಪಷ್ಟವಾದ ಪ್ರಶ್ನೆಯಿರಬೇಕು. ಅದಕ್ಕೆ ಸಂಬಂಧಿಸಿದ ಪರಿಕಲ್ಪನೆಗಳನ್ನು ಒಂದೊಂದು ವೃತ್ತದೊಳಗೆ ಬರೆಯಬೇಕು. ವ್ಯಾಪಕವಾದವು ಮೇಲೆ, ನಿರ್ದಿಷ್ಟವಾದವು ಕೆಳಗೆ. ಬಳಿಕ ವೃತ್ತದಿಂದ ವೃತ್ತಕ್ಕೆ ಗೆರೆ ಎಳೆದು, ಗೆರೆಯ ಮೇಲೆ ಎರಡನ್ನೂ ಕೂಡಿಸುವ ಪದವೊಂದನ್ನು ಬರೆಯಬೇಕು. ಎರಡು ಪರಿಕಲ್ಪನೆಗಳೂ ನಡುವಣ ಪದವೂ ಸೇರಿ ಒಂದು ಅರ್ಥವುಳ್ಳ ವಾಕ್ಯವಾಗಬೇಕು. ಈ ಪದವೇ ನಕ್ಷೆಯ ಜೀವಾಳ. ಅದಿಲ್ಲದ ನಕ್ಷೆ ಕೇವಲ ಅಲಂಕಾರ.

ಒಂದು ಊರಿನ ಕೆರೆಯು ಬೇಸಿಗೆಗೆ ಮುನ್ನವೇ ಬತ್ತುವುದೇಕೆ ಎಂಬ ಪ್ರಶ್ನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೂಳು ತುಂಬಿರುವುದೇ ಕಾರಣವೆಂದು ಅಚ್ಚುಕಟ್ಟಿನ ರೈತನು ಹೇಳುತ್ತಾನೆ. ನೀರು ತರುವ ಕಾಲುವೆಯು ಒತ್ತುವರಿಯಾಗಿದೆ ಎಂದು ಇನ್ನೊಬ್ಬನು ವಾದಿಸುತ್ತಾನೆ. ಗುಡ್ಡದ ಕುರುಚಲು ಕಾಡು ಬೋಳಾಗಿದೆ ಎಂದು ಕುರಿ ಕಾಯುವ ಮುದುಕನೊಬ್ಬನು ಮೂಲೆಯಿಂದ ಮೆಲ್ಲನೆ ನುಡಿಯುತ್ತಾನೆ. ಬರಿಯ ಮಾತಿನ ಸಭೆಯಲ್ಲಿ ಮೊದಲಿನ ಇಬ್ಬರು ಜಗಳವಾಡುತ್ತಾರೆ. ಮುದುಕನ ಮಾತನ್ನು ಯಾರೂ ಗಮನಿಸುವುದಿಲ್ಲ. ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆದಾಗ ಕಾಣುವುದೇ ಬೇರೆ. ಬೋಳು ಗುಡ್ಡದಿಂದ ಮಣ್ಣು ಕೊಚ್ಚಿಬರುತ್ತದೆ. ಆ ಮಣ್ಣು ಕೆರೆಯಲ್ಲಿ ಹೂಳಾಗುತ್ತದೆ. ಹೂಳು ಕೆರೆಯ ಆಳವನ್ನು ಕುಗ್ಗಿಸುತ್ತದೆ. ಅತ್ತ ಒತ್ತುವರಿಯು ಕಾಲುವೆಯ ಹರಿವನ್ನು ತಡೆಯುತ್ತದೆ. ಎರಡು ವಾದಗಳೂ ಒಂದೇ ಉತ್ತರದ ಎರಡು ಭಾಗಗಳೆಂಬುದು ಆಗ ಕಣ್ಣಿಗೆ ಬೀಳುತ್ತದೆ. ಗುಡ್ಡದಲ್ಲಿ ಗಿಡ ಬೆಳೆಸದೆ ಹೂಳನ್ನು ಮಾತ್ರ ಎತ್ತಿದರೆ ಕೆಲವೇ ಮಳೆಗಾಲಗಳಲ್ಲಿ ಅದು ಮತ್ತೆ ತುಂಬುವುದೆಂಬುದೂ ಹೊಳೆಯುತ್ತದೆ. ಮೂಲೆಯ ಮುದುಕನ ಮಾತೇ ಹೂಳಿನ ಬೇರನ್ನು ತೋರಿಸಿಕೊಡುತ್ತದೆ.

ಇಂತಹುದೇ ಇನ್ನೊಂದು ವಿಧಾನವನ್ನು ಜಪಾನಿನ ಮಾನವಶಾಸ್ತ್ರಜ್ಞ ಜಿರೋ ಕವಾಕಿಟ ಅವರು ರೂಪಿಸಿದರು. ನೇಪಾಳದ ಹಳ್ಳಿಗಳಲ್ಲಿಯೂ ಸಂಶೋಧನೆ ನಡೆಸಿದ ಅವರು 1967ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಿಧಾನವನ್ನು ವಿವರಿಸಿದರು. ಇಲ್ಲಿ ಒಂದೊಂದು ವಿಚಾರವನ್ನು ಒಂದೊಂದು ಚೀಟಿಯಲ್ಲಿ ಬರೆದು ಹರಡುತ್ತಾರೆ. ಹತ್ತಿರದ ವಿಚಾರಗಳನ್ನು ಒಟ್ಟುಗೂಡಿಸುತ್ತಾರೆ. ಆಮೇಲೆ ಆ ಗುಂಪಿಗೆ ಹೆಸರಿಡುತ್ತಾರೆ. ಹೆಸರನ್ನು ಮೊದಲೇ ಇಟ್ಟರೆ ವಿಚಾರಗಳು ಅದಕ್ಕೆ ಒಗ್ಗುವಂತೆ ತಿರುಚಿಹೋಗುವ ಅಪಾಯವಿದೆ.

ಇದು ಮಕ್ಕಳಾಟ, ಕಾಲಹರಣ, ನಡವಳಿಯ ಪುಸ್ತಕವಿದ್ದರೆ ಸಾಕು ಎಂದು ಆಕ್ಷೇಪಿಸುವವರುಂಟು. ಯಾರು ಏನು ಹೇಳಿದರು ಎಂಬುದನ್ನು ನಡವಳಿಯು ಒಂದರ ಕೆಳಗೊಂದಾಗಿ ದಾಖಲಿಸುತ್ತದೆ, ನಿಜ. ಆದರೆ ಒಬ್ಬರ ಮಾತಿಗೂ ಮತ್ತೊಬ್ಬರ ಮಾತಿಗೂ ಇರುವ ನಂಟನ್ನು ಅದು ತೋರಿಸುವುದಿಲ್ಲ. ಹಾಳೆಯ ಮೇಲೆ ಬಂದ ವಿಚಾರವು ಯಾರೊಬ್ಬರ ಸ್ವತ್ತಾಗಿಯೂ ಉಳಿಯುವುದಿಲ್ಲ. ಆದುದರಿಂದ ಅದನ್ನು ತಿದ್ದಿದರೆ ಯಾರ ಮಾನಕ್ಕೂ ಕುಂದು ಬರುವುದಿಲ್ಲ.

ಹಾಗೆಂದು ನಕ್ಷೆಯನ್ನೇ ಸತ್ಯವೆಂದು ಭ್ರಮಿಸಲಾಗದು. ತಪ್ಪು ಸಂಬಂಧವೂ ಅಂದವಾದ ಗೆರೆಯಲ್ಲಿ ಸರಿಯೆಂಬಂತೆ ತೋರಬಹುದು. ಕೆರೆಯ ಹೂಳು ಎಷ್ಟೆಂಬುದನ್ನು ಕೆರೆಗಿಳಿದೇ ಅಳೆಯಬೇಕು, ಹಾಳೆ ಅದನ್ನು ಹೇಳಲಾರದು. ಇದಕ್ಕಿಂತಲೂ ದೊಡ್ಡ ಅಪಾಯವೊಂದಿದೆ: ಸೀಮೆಸುಣ್ಣವು ಒಬ್ಬನ ಕೈಯಲ್ಲಿಯೇ ಉಳಿದರೆ ನಕ್ಷೆಯೂ ಅವನದೇ ಆಗುತ್ತದೆ. ಗಟ್ಟಿ ದನಿಯ ಜಾಗದಲ್ಲಿ ಗಟ್ಟಿ ಗೆರೆ ಬಂದಂತಾಗುತ್ತದೆ, ಅಷ್ಟೆ. ಆದುದರಿಂದ ಸೀಮೆಸುಣ್ಣವು ಕೈಯಿಂದ ಕೈಗೆ ಸಾಗಬೇಕು. ಮಾತನಾಡದವರ ಕೈಗೆ ಅದು ಮೊದಲು ಬರಬೇಕು.

ತರಗತಿಯ ಚರ್ಚೆಯಿರಲಿ, ಗ್ರಾಮಸಭೆಯಿರಲಿ, ಕೂಡಿ ಆಲೋಚಿಸುವುದು ಅಭ್ಯಾಸದಿಂದ ಬರುವ ವಿದ್ಯೆ. ತನ್ನ ಮಾತನ್ನು ಹೇಳಲು ಬಲ್ಲವನು ಆ ವಿದ್ಯೆಯ ಅರ್ಧವನ್ನು ಕಲಿತಿದ್ದಾನೆ. ತನ್ನ ಮಾತಿನಿಂದ ಇನ್ನೊಬ್ಬನ ಮಾತಿಗೆ ಗೆರೆ ಎಳೆದು, ಆ ಗೆರೆಯ ಮೇಲೆ ತಕ್ಕ ಪದವನ್ನು ಬರೆಯಬಲ್ಲವನು ಉಳಿದರ್ಧವನ್ನೂ ಕಲಿತವನು.