ಕತೆಯಲ್ಲಿ ಹೆಣ್ಣಿನ ದನಿ

ಬೆಂಗಳೂರಿನ ಹೊರವಲಯದ ಬ್ರೂಕ್‌ಫೀಲ್ಡಿನಲ್ಲಿ ಬೆಳಗಿನ ಹೊತ್ತು ಕಚೇರಿಯ ಬಸ್ಸಿಗಾಗಿ ಕಾದು ನಿಂತ ತರುಣಿಯರ ಕೊರಳಲ್ಲಿ ಅವರವರ ಹೆಸರು ಬರೆದ ಗುರುತಿನ ಚೀಟಿ ತೂಗುತ್ತಿರುತ್ತದೆ. ಅದನ್ನು ಕಂಡಾಗಲೆಲ್ಲ ಕನ್ನಡ ಸಣ್ಣಕತೆಗಳ ಹೆಣ್ಣುಮಕ್ಕಳು ನನ್ನ ನೆನಪಿಗೆ ಬರುತ್ತಾರೆ. ಸ್ವಂತ ಹೆಸರಿನಿಂದ ಗುರುತಿಸಿಕೊಳ್ಳುವ ಭಾಗ್ಯ ಅವರಲ್ಲಿ ಎಷ್ಟು ಜನರಿಗೆ ಇತ್ತು?

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಪ್ರಸಿದ್ಧ ಕತೆಯೊಂದರ ಶೀರ್ಷಿಕೆ ‘ವೆಂಕಟಿಗನ ಹೆಂಡತಿ’. ಅಲ್ಲಿಯೇ ಅವಳು ಗಂಡನ ಹೆಸರಿನ ನೆರಳಿನಲ್ಲಿ ನಿಂತಿದ್ದಾಳೆ. ಮನೆ ಬಿಟ್ಟು ಹೋಗಿದ್ದ ಹೆಂಡತಿ ಮರಳಿದಾಗ ಬಡವನಾದ ವೆಂಕಟಿಗನು ಅವಳನ್ನೂ ಅವಳ ಕೂಸನ್ನೂ ಒಪ್ಪಿಕೊಳ್ಳುತ್ತಾನೆ. ಅವನ ಔದಾರ್ಯ ದೊಡ್ಡದು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಕ್ಷಮಿಸಿದವನ ಮನಸ್ಸು ನಮಗೆ ತಿಳಿಯುವಷ್ಟು ಕ್ಷಮೆ ಪಡೆದವಳ ಮನಸ್ಸು ತಿಳಿಯುವುದಿಲ್ಲ.

‘ಆನಂದ’ ಎಂಬ ಕಾವ್ಯನಾಮದ ಅಜ್ಜಂಪುರ ಸೀತಾರಾಂ (1902–1963) ಅವರ ‘ನಾನು ಕೊಂದ ಹುಡುಗಿ’ ಇನ್ನೂ ಕಠಿನವಾದ ಪ್ರಶ್ನೆಯನ್ನು ಮುಂದಿಡುತ್ತದೆ. ಹಳ್ಳಿಯ ಹಿರಿಯನೊಬ್ಬನ ಮನೆಗೆ ವಿದ್ಯಾವಂತನೊಬ್ಬ ಅತಿಥಿಯಾಗಿ ಬರುತ್ತಾನೆ. ಆ ಮನೆಯ ಮಗಳು ಚೆನ್ನಮ್ಮನನ್ನು ಹೆತ್ತವರೇ ದೇವರ ಹೆಸರಿನಲ್ಲಿ ಬಸವಿ ಬಿಟ್ಟಿದ್ದಾರೆ. ತನ್ನನ್ನು ಒಪ್ಪಿಸಿಕೊಳ್ಳುವುದೇ ಧರ್ಮವೆಂದು ಅವಳು ನಂಬಿದ್ದಾಳೆ. ಅತಿಥಿ ಸಜ್ಜನ, ಅವಳನ್ನು ನಿರಾಕರಿಸಿ, ಅದು ಧರ್ಮವಲ್ಲವೆಂದು ತಿಳಿಹೇಳುತ್ತಾನೆ. ಅವಳು ಬಾವಿಗೆ ಬಿದ್ದು ಪ್ರಾಣ ಬಿಡುತ್ತಾಳೆ.

ಅತಿಥಿ ಆಡಿದ ಮಾತಿನಲ್ಲಿ ತಪ್ಪಿರಲಿಲ್ಲ. ಹಾಗಿದ್ದರೂ ಆ ಹುಡುಗಿ ಏಕೆ ಸತ್ತಳು? ಅವಳು ಬದುಕಿಗೆ ಆಧಾರವೆಂದು ಹಿಡಿದಿದ್ದ ನಂಬಿಕೆಯನ್ನು ಆತ ಒಂದೇ ಸಲಕ್ಕೆ ಕಿತ್ತುಕೊಂಡ. ಅದರ ಸ್ಥಾನದಲ್ಲಿ ಏನನ್ನೂ ಕೊಡಲಿಲ್ಲ. ಬಸವಿ ಬಿಟ್ಟವರು ಹೆತ್ತವರು, ಒಪ್ಪಿದ್ದು ಊರು; ನಾಚಿಕೆಯ ಹೊರೆ ಮಾತ್ರ ಆ ಒಬ್ಬಳ ತಲೆಯ ಮೇಲೆ ಬಿತ್ತು. ನನ್ನ ಅಭಿಪ್ರಾಯದಲ್ಲಿ ಅತಿಥಿಯು ಬುದ್ಧಿ ಹೇಳಬೇಕಾದದ್ದು ಮಗಳಿಗಲ್ಲ, ತಂದೆಗೆ. (ಮನೆಯ ಯಜಮಾನನಿಗೆ ಬುದ್ಧಿ ಹೇಳುವುದು ಅತಿಥಿಗೆ ಅಷ್ಟು ಸುಲಭವಲ್ಲ, ನಿಜ!) ಹೆಣ್ಣುಮಕ್ಕಳನ್ನು ಹೀಗೆ ದೇವರಿಗೆ ಬಿಡುವುದು ಅಪರಾಧವೆಂದು ಕರ್ನಾಟಕ ರಾಜ್ಯವು ಕಾಯ್ದೆ ಮಾಡಿದ್ದು 1982ರಲ್ಲಿ. ಬಿಟ್ಟವರನ್ನು ಪ್ರಶ್ನಿಸುವುದಕ್ಕೆ ಅಷ್ಟು ಕಾಲ ಬೇಕಾಯಿತು.

ಈ ಇಬ್ಬರು ಲೇಖಕರೂ ಮರುಕವುಳ್ಳ ಗಂಡಸರು. ಲೇಖನಿ ಹೆಣ್ಣಿನ ಕೈಗೇ ಬಂದಾಗ ಏನಾಯಿತು? ಅದಕ್ಕೆ 1930ರ ದಶಕದ ಕೊಡಗಿಗೆ ಹೋಗಬೇಕು. ಅಲ್ಲಿ ಗೌರಮ್ಮ (1912–1939) ಎಂಬ ಗೃಹಿಣಿ ವಿಧವೆಯರ, ನೊಂದ ಹೆಂಡಂದಿರ ಕತೆಗಳನ್ನು ಬರೆದರು. ಅವರ ಒಂದು ಕತೆಯ ಹೆಸರು ‘ಅಪರಾಧಿ ಯಾರು?’. ಆನಂದರ ಕತೆಯಲ್ಲಿ ಗಂಡಸು ತಪ್ಪನ್ನು ತಾನಾಗಿ ಒಪ್ಪಿಕೊಳ್ಳುತ್ತಾನೆ. ಇಲ್ಲಿ ಹೆಣ್ಣು ಸಮಾಜದ ಮುಖ ನೋಡಿಯೇ ಪ್ರಶ್ನೆ ಕೇಳುತ್ತಾಳೆ. ಕೇಳುವ ಧೈರ್ಯ ಅವರ ಬದುಕಿನಲ್ಲಿಯೂ ಇತ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು ಬರಮಾಡಿಕೊಂಡರು. ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. ಐದು ವರ್ಷಗಳಲ್ಲಿ, ಈಜಲು ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳು ಅವರ ಹಿಂದೆ ಉಳಿದವು.

ಇಷ್ಟೊಂದು ದಿಟ್ಟತನದ ಈ ಲೇಖಕಿಯೂ ತಮ್ಮ ಕತೆಗಳನ್ನು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು ಗಂಡನ ಹೆಸರಿನಲ್ಲಿಯೇ ಬರೆದರು. ಇಂದು ನಾಡು ಅವರನ್ನು ಬಲ್ಲುದು ಕೊಡಗಿನ ಗೌರಮ್ಮ ಎಂದು.